ಗಾಜಿನವನ ಅಳತೆಪುಸ್ತಕ

ಟ್ರಸ್ಟಿನವರು ಬೆಳಿಗ್ಗೆಯೇ ಫೋನು ಮಾಡಿದ್ದರು:
ಹನ್ನೊಂದು ಪೆಟ್ಟಿಗೆ ಬೇಕು, ಐದು ಎಂಎಂ ಗಾಜು,
ಅಂಚು ಉಜ್ಜಿರಬೇಕು, ಶಾಲೆ ಮಕ್ಕಳು ಬರುತ್ತಾರೆ.
ಟೇಪು, ಪೆನ್ಸಿಲ್ಲು, ಬಿಲ್ ಪುಸ್ತಕ ಹಿಡಿದು ಹೊರಟೆ.

ಅರಸೀಕೆರೆಯಲ್ಲಿ ಆ ಮನೆಗೆ ಯಾರೂ ದಾರಿ ಕೇಳುವುದಿಲ್ಲ.
ಕೊಬ್ಬರಿ ಮಂಡಿ ದಾಟಿ, ರೈಲ್ವೆ ಗೇಟಿಗೆ ಮೊದಲು, ಹಸಿರು ಬಾಗಿಲು.
ಹಾರನಹಳ್ಳಿ ಪುಟ್ಟಗೌರಮ್ಮ. ನಾಟಕ ಕಂಪನಿಯ ಒಡತಿ.
ನಲವತ್ತು ವರ್ಷ ದುರ್ಯೋಧನನ ಪಾರ್ಟು,
ಒಂದೂವರೆ ವರ್ಷ ಪುರಸಭೆಯ ಅಧ್ಯಕ್ಷೆ.
ಎರಡರಲ್ಲಿ ಯಾವುದು ಕಷ್ಟ ಅಂತ ಯಾರೋ ಕೇಳಿದ್ದಕ್ಕೆ
‘ನಾಟಕದಾಗೆ ತೊಡೆ ಮುರಿಯೋದು ಕೊನೇ ಸೀನಲ್ಲಿ ಮಾತ್ರ’ ಅಂದಿದ್ದರಂತೆ.

ಒಂದೇ ಕೋಣೆ. ಹತ್ತಡಿ, ಒಂಬತ್ತೂ ಕಾಲು.
ಲೋಕಪ್ಪ ಮೇಷ್ಟ್ರು ಪಟ್ಟಿ ಓದುತ್ತಾರೆ, ನಾನು ಟೇಪು ಎಳೆಯುತ್ತೇನೆ.

ಗದೆ: ಮೂರಡಿ ಎರಡಿಂಚು.
ಸೋರೆಬುರುಡೆ, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಬೆಳ್ಳಿಬಣ್ಣ.
ಎತ್ತಿದರೆ ಒಳಗೆ ಬೀಜ ಗಲಗಲ.
ಇಷ್ಟು ಹಗುರವಾ ಸಾರ್?
‘ಭಾರ ಅವರು ತರ್ತಿದ್ರು’ ಅಂದರು ಮೇಷ್ಟ್ರು, ತಲೆಯೆತ್ತದೆ.

ಅಧ್ಯಕ್ಷರ ಮೊಹರು: ಎರಡಿಂಚು, ಚಿಕ್ಕ ಪೆಟ್ಟಿಗೆ ಸಾಕು.
ಮರದ ಹಿಡಿಯ ಸಂದಿನಲ್ಲಿ ಅರದಾಳದ ಹಳದಿ.
ಬಣ್ಣ ತೊಳೆಯದೆಯೇ ಬಂದು
ಯಾವ ಬೀದಿಯ ನಲ್ಲಿಗೆ ಒತ್ತಿದರೋ ಇದನ್ನು.

ನಶ್ಯದ ಡಬ್ಬಿ?
‘ಅದು ಬೇಡ. ಮಕ್ಕಳು ಬರ್ತಾರೆ.’
ಮೇಷ್ಟ್ರು ಅದನ್ನು ಜೇಬಿಗೆ ಇಳಿಸಿದರು.
ನಾನು ಕಿಟಕಿ ಕಡೆ ನೋಡಿದೆ.

‘ಆಮೇಲೆ, ಕನ್ನಡಿ.’

ಅವರು ಹೇಳುವ ಮೊದಲೇ ನನಗೆ ಬೆನ್ನು ಬೆವೆತಿತ್ತು.
ನನಗೆ ಹದಿನೈದು. ಅಬ್ಬಾಗೆ ಜ್ವರ.
ಒಬ್ಬನೇ ಕೊಯ್ದ ಮೊದಲನೇ ಗಾಜು,
ಕೊನೆಯ ಮೂಲೆಯಲ್ಲಿ ಹೀರಾಕಣಿ ಜಾರಿತು.
ಹಾಗೇ ಚೌಕಟ್ಟಿಗೆ ಕೂರಿಸಿ, ಮೊಳೆ ಹೊಡೆದು,
ದುಡ್ಡು ತಗೊಂಡು,
‘ಶುಕ್ರವಾರ ಬಂದು ಬದಲಾಯಿಸ್ತೀನಮ್ಮ’ ಅಂದೆ.

ಮೂವತ್ತೊಂದು ವರ್ಷದ ಶುಕ್ರವಾರಗಳು.
ಆ ಬೀದಿಯನ್ನೇ ಬಿಟ್ಟೆ. ಗೇಟಿಗೆ ಸುತ್ತು ಹಾಕಿ ಹೋದೆ.
ಒಮ್ಮೆ ಸಂತೆಯಲ್ಲಿ ಎದುರಾದರು,
ಕೈಯಲ್ಲಿ ಸೊಪ್ಪಿನ ಕಟ್ಟು.
ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ
ಸೆರಗಿನಿಂದ ತಮ್ಮ ಹಣೆ ಒರೆಸಿಕೊಂಡರು,
ಅಲ್ಲೇನೋ ಅಂಟಿದೆ ಎಂಬಂತೆ.

ಈಗ ನೋಡುತ್ತೇನೆ.
ಮೂಲೆಯಿಂದ ಹೊರಟ ಸೀಳು
ನಡುವಿನ ತನಕ ಏರಿದೆ. ಗೂಡ್ಸು ಹೋದಾಗಲೆಲ್ಲ
ಗೋಡೆ ನಡುಗಿ, ಎಳೆ ಎಳೆ ಬೆಳೆದದ್ದು.
ಬೆಳೆದಲ್ಲೆಲ್ಲ ಒಂದೊಂದು ಬೊಟ್ಟು ಅಂಟಿಸಿದ್ದಾರೆ.
ಕೆಳಗೆ ಕಾಸಗಲದ ಕೆಂಪು, ಮಾಸಿ ಕಂದು.
ಮೇಲೆ ಮೇಲೆ ಸಣ್ಣದು. ಮಧ್ಯೆ ಒಂದಿಷ್ಟು ಉದ್ದನೆಯ ಕಪ್ಪು,
ಆ ಒಂದೂವರೆ ವರ್ಷದ್ದಿರಬೇಕು.
ತುದಿಯಲ್ಲಿ ಸಾಸಿವೆಯಷ್ಟು ಒಂದು ಚುಕ್ಕಿ.

‘ಇದೊಂದು ಅಸಹ್ಯ,’ ಮೇಷ್ಟ್ರು ಅಂದರು,
‘ಚೌಕಟ್ಟು ಅದೇ ಇರಲಿ, ಗಾಜು ಹೊಸದು ಹಾಕಿಬಿಡು.
ಯಾರಿಗೆ ಗೊತ್ತಾಗುತ್ತೆ?
ಶುಕ್ರವಾರದೊಳಗೆ ಆದೀತಾ?’

ಅಂಗಡಿಯಲ್ಲಿ ನಿಲ್ಲಿಸಿದ ನಲವತ್ತು ಹಾಳೆ ಗಾಜು
ಕಣ್ಣೆದುರು ಬಂತು.
‘ಈ ಅಳತೆ ಈಗ ಬರೋದಿಲ್ಲ ಸಾರ್,’ ಅಂದೆ.
‘ಹಾಸನದಲ್ಲಿ?’
‘ಹಾಸನದಲ್ಲೂ ಇಲ್ಲ.’

ಮೇಷ್ಟ್ರು ಚಹಾಕ್ಕೆ ಹೇಳಲು ಹೊರಗೆ ಹೋದರು.
ಅಗಲ ಹದಿನಾರೂವರೆ, ಎತ್ತರ ಇಪ್ಪತ್ತೆರಡು.
ಸೀಳಿಗೆ ಟೇಪು ಬಾಗಲಿಲ್ಲ,
ಪೊಟ್ಟಣದ ದಾರ ಬಿಚ್ಚಿ ಅಳೆದೆ: ಹತ್ತೊಂಬತ್ತಿಂಚು.
ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಹನ್ನೆರಡನೇ ಪೆಟ್ಟಿಗೆ ಅಂತ ಬರೆದು, ದರದ ಜಾಗದಲ್ಲಿ
ಬಾಕಿ ಅಂತ ಹಾಕಿದೆ.

ಆಗಲೇ ಬಂತು ಗೂಡ್ಸು,
ಮುಗಿಯದಷ್ಟು ಉದ್ದ.
ಮೂಲೆಯಲ್ಲಿ ಗದೆಯ ಬೀಜ ಗಲಗಲ.
ಕನ್ನಡಿಯಲ್ಲಿ ನನ್ನ ಮುಖ ಅದುರಿತು,
ತುದಿಯ ಚುಕ್ಕಿ ಸಡಿಲಾಗಿ ಹಲಗೆಯ ಮೇಲೆ ಬಿತ್ತು.

ಉಗುರಿನಿಂದ ಎತ್ತಿ, ನಾಲಗೆಗೆ ತಾಗಿಸಿ,
ಒತ್ತಿ ಹಿಡಿದೆ.
ಇದ್ದ ಜಾಗದಲ್ಲಲ್ಲ, ಒಂದೆಳೆ ಮೇಲೆ.
ಸೀಳು ಅಷ್ಟರಲ್ಲಿ ಅಲ್ಲಿಗೆ ಬಂದಿತ್ತು.