ಒಗೆತದ ಲೆಕ್ಕ

ಸ್ಕೋರು ನನ್ನ ಕೇಳಬೇಡಿ, ಅದು ಗೊತ್ತಿರುವವರು ಮೇಲಿದ್ದಾರೆ,
ಗಾಜಿನ ಕೋಣೆಯಲ್ಲಿ, ಬಿಸಿ ಕಾಫಿಯ ಹಬೆಯೊಳಗೆ.
ನಾನಿರುವುದು ಸ್ಟೇಡಿಯಮ್ಮಿನ ಹೊಟ್ಟೆಯಲ್ಲಿ:
ಎರಡು ವಾಷಿಂಗ್ ಮಷೀನು, ಒಂದು ಡ್ರೈಯರು,
ಕಿಟಕಿಯಿಲ್ಲ.
ತಲೆಯ ಮೇಲೆ ಸಾವಿರದಿನ್ನೂರು ಜೋಡಿ ಬೂಟು ಕುಟ್ಟಿದರೆ
ನಮ್ಮವರು ಏನೋ ಮಾಡಿದರು ಅಂತ ತಿಳಿಯುತ್ತೇನೆ.
ಈ ವರ್ಷ ಹೆಚ್ಚು ಕುಟ್ಟಲಿಲ್ಲ.

ಆಗಸ್ಟಿನಲ್ಲಿ ಬರೀ ಬೆವರು.
ನೆಬ್ರಾಸ್ಕದ ಬಿಸಿಲು ಜೋಳದ ತೆನೆಗೆ ಒಳ್ಳೆಯದು, ಹುಡುಗರಿಗಲ್ಲ.
ಎಂಬತ್ತೊಂದು ಅಂಗಿ, ಎದೆಯ ಮೇಲೆ ಒಂದೊಂದು ಕೊಕ್ಕರೆ,
ಉಪ್ಪು ಕಟ್ಟಿ ರೆಕ್ಕೆ ಬಿಳಿಚಿಕೊಂಡದ್ದು.
ಜೇಬಿಲ್ಲದ ಬಟ್ಟೆಯಲ್ಲೂ ಏನೇನೋ ಸಿಗುತ್ತದೆ:
ಹಲ್ಲಿನ ಗಾರ್ಡು, ಸೂರ್ಯಕಾಂತಿ ಬೀಜದ ಸಿಪ್ಪೆ,
ಕಾಲುಚೀಲದೊಳಗೆ ಮಡಿಸಿಟ್ಟ ಕೆಮಿಸ್ಟ್ರಿಯ ಸೂತ್ರ.

ಸೆಪ್ಟೆಂಬರಿಗೆ ಹುಲ್ಲಿನ ಹಸಿರು. ಸೋಲು, ಸೋಲು,
ಮಿಂಚಿಗೆ ಹೆದರಿ ನಿಲ್ಲಿಸಿದ್ದೊಂದು, ಮತ್ತೆ ಸೋಲು.
ಎದೆಗೆ ಹಸಿರಾದರೆ ಬೀಳಿಸಿದವನು, ಬೆನ್ನಿಗಾದರೆ ಬಿದ್ದವನು.
ನಮ್ಮವನ್ನೆಲ್ಲ ಬೆನ್ನು ಮೇಲೆ ಮಾಡಿಯೇ ಉಜ್ಜಿದೆ.
ಹುಲ್ಲಿಗೆ ವಿನೆಗರು. ರಕ್ತಕ್ಕೆ ತಣ್ಣೀರು,
ಬಿಸಿ ತಾಗಿದರೆ ಕಚ್ಚಿಕೊಂಡುಬಿಡುತ್ತದೆ;
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮರೆತವಳಲ್ಲ.

ಅರವತ್ತಮೂರರದ್ದು ಬೇರೆ.
ಲೆಲ್ಯಾಂಡ್ ಕುಚೆರಾ, ಸೆಂಟರು.
ಅವನು ಬಗ್ಗಿ, ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಟ್ಟರೇ ಆಟ ಶುರು.
ಕೊಟ್ಟ ಮರುಗಳಿಗೆ ಎದುರಿನ ಮುನ್ನೂರು ಪೌಂಡು ಮೈಮೇಲೆ.
ಚೆಂಡು ಎಲ್ಲಿ ಹೋಯಿತೆಂದು ಅವನು ನೋಡಿದ್ದೇ ಇಲ್ಲವಂತೆ.
"ಜನ ಕೂಗಿದ್ದರಲ್ಲಿ ಗೊತ್ತಾಗುತ್ತೆ, ಮಿಸೆಸ್ ವೊಂಡ್ರಾ.
ನಿಮಗೂ ಹಾಗೇ ಅಲ್ಲವಾ?"
ಅವನ ಅಂಗಿ ಮಾತ್ರ ಎರಡೂ ಕಡೆ ಹಸಿರು.
ಅದೂ ಒಂದು ಕಲೆ. ನನಗೆ ಗೊತ್ತಿರುವುದು
ಒಗೆಯಲು ಸಿಕ್ಕಷ್ಟು.

ಅಕ್ಟೋಬರು, ಏಳನೆಯ ಶನಿವಾರ. ಮೈದಾನದ ಕೆಸರೆಲ್ಲ
ಬುಟ್ಟಿಗಳಲ್ಲಿ ಇಳಿದು ಬಂತು. ಎತ್ತಿ ಎತ್ತಿ ಕೊಡವುತ್ತಿದ್ದೆ,
ಐವತ್ತೆಂಟು, ಎಪ್ಪತ್ತು, ಹನ್ನೊಂದು,
ನಡುವೆ ಅರವತ್ತಮೂರು,
ಮಡಿಯಾಗಿ.
ನನ್ನ ಕೆಲಸದಲ್ಲಿ ಕೆಟ್ಟ ಸುದ್ದಿ ಬರುವುದು ಹೀಗೆ, ಶುಭ್ರವಾಗಿ.
ಪಂದ್ಯಕ್ಕೆ ಮುಂಚೆ, ಮೈ ಬೆಚ್ಚಗಾಗಲೆಂದು ಓಡುವಾಗ
ಮಂಡಿ ಹರಿಯಿತಂತೆ. ಯಾರೂ ಮುಟ್ಟಿರಲಿಲ್ಲವಂತೆ.
ಕಡೆಯ ವರ್ಷದ ಹುಡುಗ.
ಆದರೂ ಸೋಪು ಹಾಕಿ ಒಗೆದೆ,
ಸರದಿ ತಪ್ಪಬಾರದೆಂದು.

ಆಮೇಲೆ ಊರುಗೋಲು ಕುಟ್ಟುತ್ತ ಕೆಳಗಿಳಿದು ಬರತೊಡಗಿದ.
ಟವೆಲು ಮಡಿಸುತ್ತಾನೆ, ಅಂಚಿಗೆ ಅಂಚು ಸೇರಿಸಿ.
ಮಾತು ಕಡಿಮೆ. ಮೇಲೆ ಪಂದ್ಯದ ಸದ್ದಾದರೆ
ಇಬ್ಬರೂ ಸೂರು ನೋಡುತ್ತೇವೆ.

ನವೆಂಬರಿನ ಕೊನೆಯ ಪಂದ್ಯ. ಹಿಮದ ಮಳೆ.
ಕೋಚು ಅವನನ್ನು ಅಂಗಿ ತೊಡಿಸಿ ಗೆರೆಯಾಚೆ ನಿಲ್ಲಿಸಿದ್ದರು.
ನಾಲ್ಕು ಸೆಕೆಂಡು ಉಳಿದಾಗ ಉರಿಬೆಗೆ ಒದೆಯಲು ಹೇಳಿದರಂತೆ,
ಪಕ್ಕದೂರಿನ ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಅವನಮ್ಮ ಅದೇ ಮೊದಲ ಸಲ ಬಂದಿದ್ದಳಂತೆ.
ನನಗೆ ಕೇಳಿದ್ದು ಮೌನ.
ಆಮೇಲೆ ಸೂರಿನಿಂದ ಸುಣ್ಣ ಉದುರಿತು,
ಡ್ರೈಯರಿನ ಬಾಗಿಲು ತಾನೇ ತೆರೆದುಕೊಂಡಿತು.

ಒಂದು ಗೆಲುವು. ಎಂಟು ಸೋಲು.

ರಾತ್ರಿ ಹನ್ನೊಂದಕ್ಕೆ, ಬುಟ್ಟಿಯ ತಳದಲ್ಲಿ
ಆಡದವನ ಅಂಗಿ.
ಎದೆ ತುಂಬ ಕೆಸರು, ಬೆನ್ನ ಮೇಲೆ ಹತ್ತಾರು ಕೈಯಚ್ಚು,
ಹೆಗಲಲ್ಲಿ ಯಾರದೋ ಮೂಗಿನ ರಕ್ತ,
ಕೊಕ್ಕರೆಯ ಕತ್ತಿನ ಹತ್ತಿರ ಒಂದು ಗದ್ದದ ಗುರುತು.
ಅವನು ಬಿದ್ದು ಹತ್ತಿಸಿಕೊಂಡ ಮಣ್ಣು
ಒಂದು ಚಿಟಿಕೆಯೂ ಇಲ್ಲ.

ಬಿಸಿನೀರಿನ ನಲ್ಲಿ ತಿರುಗಿಸಿದೆ.

ಬೆಳಿಗ್ಗೆ, ಕಾಲೇಜಿನ ಸ್ವತ್ತಿನ ರಿಜಿಸ್ಟರಿನಲ್ಲಿ
ಆ ನಂಬರಿನ ಮುಂದೆ ಬರೆದೆ:
ಕಲೆ ಹೋಗುವುದಿಲ್ಲ. ಬಳಕೆಗೆ ಯೋಗ್ಯವಲ್ಲ. ವಿಲೇವಾರಿ ಮಾಡಿದೆ.
ಎಲ್ಲಿಗೆ, ಯಾರ ಕೈಗೆ,
ಅಂತ ಕೇಳುವ ಖಾನೆ ಅದರಲ್ಲಿಲ್ಲ.