ಎರಡು ರೈಲಿನಷ್ಟು ಹೊತ್ತು

ವಿಜಯನಗರದಲ್ಲಿ ಬೇಕರಿಯ ಮೇಲಿನ ಎರಡನೇ ಮಹಡಿ,
ಸಂಜೆ ಆರೂವರೆಯ ಬ್ಯಾಚು.
ಕಿಟಕಿಯಾಚೆ ಕೈಗೆಟುಕುವಷ್ಟು ಹತ್ತಿರ ಮೆಟ್ರೊ ಹಳಿ.
ಗಡಿಯಾರದ ಸೆಲ್ಲು ಸತ್ತು ಯುಗಾದಿಗೆ ವರ್ಷವಾಯಿತು,
ನಾನು ಹಾಕಿಸಲಿಲ್ಲ.
ಒಂದು ಪ್ಯಾಸೇಜಿಗೆ ಎರಡು ರೈಲು, ಅಷ್ಟೇ.
ಮೊದಲನೆಯದು ಹೋಗುವಷ್ಟರಲ್ಲಿ ಓದು ಮುಗಿದಿರಬೇಕು,
ಎರಡನೆಯದರ ಕೊನೇ ಬೋಗಿಯೊಳಗೆ ನಾಲ್ಕು ಉತ್ತರ.

ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ:
ಎಲ್ಲವನ್ನೂ ಅರ್ಥ ಮಾಡಿಕೊಳ್ಳಲು ಹೋಗಬೇಡಿ.
ತಿಮಿಂಗಿಲದ ಕಿವಿಮೂಳೆ, ಹಳೇ ನಾಣ್ಯದ ತವರ, ಯಾರದೋ ತೆರಿಗೆ ಜಗಳ,
ಏನೇ ಇರಲಿ, ಬರೆದವರು ಎತ್ತ ಮುಖ ಮಾಡಿ ನಿಂತಿದ್ದಾರೆ
ಅಷ್ಟು ನೋಡಿ ಸಾಕು.
ಹೆಸರು, ಇಸವಿ ಬಂದರೆ ಅಡಿಗೆರೆ ಎಳೆದು ಮುಂದೆ ನಡೆಯಿರಿ,
ಬೇಕಾದಾಗ ವಾಪಸು ಬರಬಹುದು, ಮನೆ ಎಲ್ಲಿ ಅಂತ ಗೊತ್ತಿದ್ದರಾಯಿತು.
'ಆದರೆ' ಕಂಡಲ್ಲಿ ಸುತ್ತು ಹಾಕಿ.
ಇಂಗ್ಲಿಷಿನಲ್ಲಿ ಅದು ನಾಲ್ಕೈದು ವೇಷದಲ್ಲಿ ಬರುತ್ತದೆ,
ಯಾವ ವೇಷದಲ್ಲಿ ಬಂದರೂ ಬಸ್ಸು ತಿರುಗುವುದು ಅಲ್ಲೇ.
ನಿದ್ದೆ ಹೋದವರು ಡಿಪೋದಲ್ಲಿ ಏಳುತ್ತಾರೆ.

'ಯಾವಾಗಲೂ', 'ಎಂದಿಗೂ' ಎಂದು ಎದೆ ತಟ್ಟುವ ಆಯ್ಕೆಯನ್ನು ಹೊಡೆದು ಹಾಕಿ.
ಬೆರಳು ತೋರಿಸಿದರೆ ಹಸ್ತ ನುಂಗುವುದನ್ನೂ.
ಹಾವು ಸಾಯದ, ಕೋಲು ಮುರಿಯದ
ಸಪ್ಪೆ ಮುಖದ ಒಂದು ಉಳಿಯುತ್ತದೆ, ಹೆಚ್ಚಾಗಿ ಅದೇ ಸರಿ.
ಇನ್ನು, ನಿಮಗೆ ಗೊತ್ತಿರುವುದನ್ನೆಲ್ಲ
ಚಪ್ಪಲಿ ಜೊತೆ ಬಾಗಿಲಾಚೆ ಬಿಡಿ.
ಪ್ಯಾಸೇಜಿನಲ್ಲಿಲ್ಲದ್ದು ಲೋಕದಲ್ಲೇ ಇಲ್ಲ.

ಇದನ್ನು ಹೇಳುವಾಗ ನಾನು ಸ್ವಲ್ಪ ನಿಲ್ಲುತ್ತೇನೆ.
ಹುಡುಗರು ಬರೆದುಕೊಳ್ಳುತ್ತಾರೆ.

ಚೌಡೇಶ್ವರಿ ಬರೆದುಕೊಳ್ಳಲಿಲ್ಲ.
ರಿಜಿಸ್ಟರಿನಲ್ಲಿ ಈಶ್ವರಿ ಸಿ. ಅಂತಿದೆ, ಫೀಸು ಎರಡು ಕಂತು.
ಕಬ್ಬನ್‌ಪೇಟೆಯಿಂದ ಬರುತ್ತಾಳೆ,
ತಲೆಗೂದಲಲ್ಲಿ ಒಂದೊಂದು ದಿನ ಜರಿಯ ಚೂರು.
ಅವತ್ತಿನ ಪ್ಯಾಸೇಜು ಮಗ್ಗದ್ದು:
ವಿದ್ಯುತ್ತು ಬಂದಮೇಲೆ ನೇಕಾರನಿಗೆ ಕೆಲಸ ಉಳಿದಿಲ್ಲ,
ಯಂತ್ರ ನೇಯುತ್ತದೆ, ಅವನು ಬರೀ ಕಾಯುತ್ತಾನೆ, ಎಂದು ಯಾರೋ ಪಂಡಿತರು.
ಪ್ರಶ್ನೆ ಮೂರು: ಲೇಖಕರ ಪ್ರಕಾರ ಈಗಿನ ನೇಕಾರ ಯಾರು?
ಉತ್ತರ ಸಿ, ಕಾವಲುಗಾರ.
ಇಪ್ಪತ್ತೆರಡು ಜನ ಸಿ. ಅವಳೊಬ್ಬಳು ಎ, ಕುಶಲಕರ್ಮಿ.

ಎ ಎಲ್ಲಿದೆ ತೋರಿಸು, ಯಾವ ಸಾಲು, ಎಂದೆ.
'ಸಾಲಲ್ಲಿಲ್ಲ ಸಾರ್.
ನಾಲ್ಕು ಸಾವಿರ ಎಳೇಲಿ ಒಂದು ಕಿತ್ತರೆ
ನಮ್ಮಪ್ಪಂಗೆ ಕೇಳ್ಸತ್ತೆ.
ಬೆನ್ನು ಹಾಕ್ಕೊಂಡು ಟೀ ಕುಡೀತಿದ್ರೂ ಎದ್ದು ಹೋಗಿ
ಅದೇ ಎಳೆ ಹಿಡೀತಾರೆ.
ಇವರು ಹೋಗಿ ನಿಂತ್ಕೊಂಡು ಕೇಳಿಲ್ಲ.'

ಕ್ಲಾಸು ನಕ್ಕಿತು. ನಾನೂ ನಕ್ಕೆ.
ಊರ ಉಸಾಬರಿ ನಮಗೇಕಮ್ಮ,
ಪಂಡಿತರು ತಪ್ಪಿದ್ದಾರೋ ಇಲ್ಲವೋ ಅಂತ ಯಾರೂ ಕೇಳಿಲ್ಲ,
ಏನಂದರು ಅಂತ ಕೇಳಿದ್ದಾರೆ.
ಸರಿ ಸಾರ್ ಅಂದಳು.
ಎರಡನೇ ರೈಲು ಹೋಯಿತು.

ಹೇಳಿದ್ದು ತಪ್ಪೇನಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ.
ಇನ್ನೊಬ್ಬರ ಮಾತನ್ನು ಅವರ ಮಾತಾಗಿಯೇ ಕೇಳಿಸಿಕೊಳ್ಳುವುದು
ಸಣ್ಣ ವಿದ್ಯೆಯಲ್ಲ. ಮನೆಯಲ್ಲಿ ಅದು ನನಗೇ ಬರುವುದಿಲ್ಲ
ಎನ್ನುತ್ತಾಳೆ ಹೆಂಡತಿ.

ಮುಂದಿನ ಮಾಕ್ ಟೆಸ್ಟಿನಲ್ಲಿ ಅವಳದು ಎಲ್ಲಾ ಸರಿ.
ಹಾಳೆಯ ಅಂಚಿನಲ್ಲಿ ಅಲ್ಲಲ್ಲಿ, ಪೆನ್ಸಿಲಿನಲ್ಲಿ,
ಇರುವೆಯಷ್ಟು ಸಣ್ಣದಾಗಿ, ಕನ್ನಡದಲ್ಲಿ
'ಆದರೆ'.
ಸುತ್ತು ಕೂಡ ಹಾಕಿದ್ದಳು.
ಅದಕ್ಕೆ ಅಂಕವಿಲ್ಲ, ಕಳೆಯುವಂತೆಯೂ ಇಲ್ಲ.

ಆಷಾಢದ ಒಂದು ಶನಿವಾರ
ಅವೆನ್ಯೂ ರಸ್ತೆಗೆ ಹಳೇ ಪುಸ್ತಕಕ್ಕೆಂದು ಹೋದವನು
ಕಬ್ಬನ್‌ಪೇಟೆಯ ಓಣಿಯಲ್ಲಿ ದಾರಿ ತಪ್ಪಿದೆ.
ತಪ್ಪಿದೆ ಅಂತಲೇ ಇಟ್ಟುಕೊಳ್ಳಿ.
ಎರಡೂ ಬದಿ ಮಗ್ಗ. ಒಂದು ಬಾಗಿಲ ಮುಂದೆ ನಿಂತು ಕಣ್ಣು ಮುಚ್ಚಿದೆ.
ಖಟಾಪಟ ಖಟಾಪಟ, ಮೊದಲಿಂದ ಕೊನೇತನಕ ಒಂದೇ ವಾಕ್ಯ,
ಅಲ್ಪವಿರಾಮವೂ ಇಲ್ಲ.
ಎಷ್ಟು ರೈಲಿನ ಹೊತ್ತೋ.
ಒಳಗೆಲ್ಲೋ ಸ್ಟೂಲು ಕಿರ್ ಎಂದಿತು, ಯಾರೋ ಎದ್ದರು.
ಆಮೇಲೆ ಮಗ್ಗ ನಿಂತಿತು.

ನನಗೆ ಗೊತ್ತಾಗಿದ್ದು
ನಿಂತ ಮೇಲೆ.