ಆರು ಕಾಲಿನ ಡಾಮಾ

ನಿಧಾನ, ನಿಧಾನ, ಅಂತ ತನಗೆ ತಾನೇ ಹೇಳಿಕೊಳ್ಳುತ್ತ
ಹಿಮ್ಮಡಿಯ ಮೇಲೆ ತಿರುಗುತ್ತಾನೆ ಈ ಪರದೇಶಿ,
ಹಾಲು ತುಂಬಿದ ಗಡಿಗೆ ಹೊತ್ತವನ ಹಾಗೆ
ಉಸಿರು ಬಿಗಿಹಿಡಿದು.
ಎಡತುದಿಗೆ ಸಿಮಿಯೆನ್ನಿನ ಕಡಿದಾದ ಅಂಚು,
ಅದರಾಚೆ ಒಡೆದ ಹಲ್ಲಿನಂಥ ಬೆಟ್ಟ, ಇನ್ನೊಂದು, ಮತ್ತೊಂದು,
ಕೊನೆಗೆ ನೀಲಿಯೋ ಧೂಳೋ ಗೊತ್ತಾಗದ ಒಂದು ಗೆರೆ.
ಅಷ್ಟೂ ಬೇಕಂತೆ, ಒಂದೇ ಪಟದಲ್ಲಿ.

ಅಲುಗಬೇಡಿ, ಅಂದ.
ಗೆಬೆಯೆಹು ಹಳೇ ಕೋವಿ ಊರಿ ಕಲ್ಲಾಗಿ ನಿಂತ,
ಸರ್ಕಾರದ ಸಂಬಳ, ನಿಲ್ಲುವುದೇ ಅವನ ಕಸುಬು.
ನಾನೂ ನಿಂತೆ.
ಡಾಮಾಗೆ ಯಾರು ಹೇಳಬೇಕು?
ಹೇಸರಗತ್ತೆ, ನೊಣ ಕೂತರೆ ಹೆಜ್ಜೆ ಎತ್ತುತ್ತದೆ.

ಪಟ ನೋಡಿದರೆ ಡಾಮಾಗೆ ಆರು ಕಾಲು!
ಹೊಟ್ಟೆ ಮಾರುದ್ದ, ಬೆನ್ನ ಮೇಲೆ ಮೂಟೆ ಒಂದೂವರೆ.
ನಕ್ಕು ನಕ್ಕು ನೆಲಕ್ಕೆ ಕೂತೆ.
ಇಂಥದ್ದೊಂದು ಕೊಟ್ಟಿಗೆಯಲ್ಲಿ ಇದ್ದಿದ್ದರೆ
ದೆಬಾರ್ಕಿನ ಸಂತೆಯಿಂದ ಉಪ್ಪು, ಸೀಮೆಎಣ್ಣೆ, ಅಮ್ಮನ ಬೀಸುವ ಕಲ್ಲು
ಒಂದೇ ಸಲಕ್ಕೆ ತರಬಹುದಿತ್ತು.

ಅವನಿಗೆ ನಗು ಬರಲಿಲ್ಲ. ಮೂರು ದಿನ ಹತ್ತಿ ಬಂದವನು.
ಮತ್ತೆ ತಿರುಗಿದ. ಮತ್ತೆ.
ಮೋಡ ಬಂದು ಹಲ್ಲೊಂದನ್ನು ನುಂಗಿತು, ಕಾದ.
ಕೆಂಪೆದೆಯ ಕೋತಿಗಳು ಹುಲ್ಲು ಕಿತ್ತು ತಿನ್ನುತ್ತ
ಪಟದೊಳಗೆ ಬಂದವು, ಆಚೆ ಹೋದವು
ಅರ್ಧ ಬಾಲ ಬಿಟ್ಟು.
ಕಡೆಗೊಮ್ಮೆ, ಎಲ್ಲಾ ಬಂತು, ಅಂದ.

ಎಲ್ಲಾ?
ನಿನ್ನ ಬೆನ್ನ ಹಿಂದೆ ನಮ್ಮ ಜವೆಯ ಹೊಲ ಇದೆಯಲ್ಲ ಮಾರಾಯ,
ಕೊಯ್ಲಿಗೆ ಇನ್ನು ಹನ್ನೆರಡು ದಿನ,
ಅದರಂಚಿಗೆ ಹಳದಿ ಡಬ್ಬದಲ್ಲಿ ನೀರು ಹೊತ್ತು
ನನ್ನ ತಂಗಿ ಎಶಿಮೆಬೆತ್ ಏರಿ ಬರುತ್ತಿದ್ದಾಳೆ.
ನೀನು ತಿರುಗಲು ಶುರು ಮಾಡಿದಾಗ ತೊರೆಯ ಹತ್ತಿರ ಇದ್ದಳು,
ಈಗ ಮೂರನೇ ಬಂಡೆ.

ಹೇಳಲಿಲ್ಲ. ಅಷ್ಟು ಮಾತು ಅವನ ಭಾಷೆಯಲ್ಲಿ ನನ್ನ ಹತ್ತಿರ ಇಲ್ಲ.
ಕೈ ಚಾಚಿದೆ. ಫೋನು ಕೊಟ್ಟ.
ಬಾಣದ ಗುರುತು ಗೆರೆ ಬಿಟ್ಟರೆ ಬೈಯುತ್ತದೆ ಅದು, ಬೈಯಲಿ.
ಹೊಲದಿಂದ ಶುರು ಮಾಡಿ, ತಂಗಿ, ಹೊಗೆಯಾಡುವ ನಮ್ಮ ಮಾಡು,
ಗೆಬೆಯೆಹುವಿನ ಕೋವಿಯ ತುದಿ,
ಆಮೇಲೆ ಅವನು.
ಕೈ ಬೀಸಿ ಏನೋ ಕಲಿಸಲು ಹೊರಟಿದ್ದ, ಅಷ್ಟರಲ್ಲಿ
ಭುಜ ಒಂದು ಕಡೆ, ತಲೆ ಒಂದು ಕಡೆ.

ಅಳಿಸಿಬಿಡುತ್ತಾನೆ ಅಂದುಕೊಂಡೆ. ಬೆರಳು ಎತ್ತಿದ, ಇಳಿಸಿದ,
ದೊಡ್ಡದು ಮಾಡಿ ನೋಡಿದ: ಹಳದಿ ಡಬ್ಬ.
ಯಾರು ಇದು, ಅಂದ.
ಅಷ್ಟರಲ್ಲಿ ಅವಳೇ ಬಂದು ಡಬ್ಬ ಇಳಿಸಿದಳು.
ಕುಡಿದ, ಗಲ್ಲದಿಂದ ಅಂಗಿಗೆ ಸುರಿಯುವಷ್ಟು.

ಇಳಿಯುವಾಗ ಡಾಮಾದ ಹಿಂದೆ ನಾನು.
ಕಲ್ಲಿನ ಮೇಲೆ ಗೊರಸಿನ ಸದ್ದು.
ಸುಮ್ಮನೆ ಎಣಿಸಿದೆ. ನಾಲ್ಕೇ.